ಇಂಟೆಗ್ರಿನ್ ಬೀಟಾ1 ನೋಡೋಕೆ ರ್ಯಾಬಿಟ್ ಪಾಲಿಕ್ಲೋನಲ್ ಆಂಟಿಬಾಡಿ: ವಯಲ್ ತೆರೆಯೋದ್ರಿಂದ ಬ್ಯಾಂಡ್ ಓದೋ ತನಕ

ಇಂಟೆಗ್ರಿನ್ ಬೀಟಾ1ಗೆ ಅಂತ ಹೊಸ ಆಂಟಿಬಾಡಿ (ಆ ಪ್ರೋಟೀನನ್ನ ಹುಡುಕಿ ಅಂಟ್ಕೊಳ್ಳೋ ಅಣು) ಲ್ಯಾಬಿಗೆ ಬಂದ ದಿನ ಎಲ್ರೂ ಮಾಡೋದು ಒಂದೇ ಕೆಲ್ಸ, ಡೇಟಾಶೀಟ್ ತೆಗೆದು ಡೈಲ್ಯೂಷನ್ ಎಷ್ಟು ಅಂತ ನೋಡೋದು, 1:1000 ಅಂತ ಇದ್ರೆ ಹಾಗೇ ಹಾಕೋದು, ಮಾರನೇ ದಿನ ಏನೂ ಬರ್ಲಿಲ್ಲ ಅಂತ ತಲೆ ಕೆರ್ಕೊಳ್ಳೋದು. ನಾನೂ ಹಾಗೇ ಮಾಡ್ತಿದ್ದೆ. ಆದ್ರೆ ಡೈಲ್ಯೂಷನ್‌ಗಿಂತ ಮೊದ್ಲು ಓದ್ಬೇಕಾದ ಸಾಲು ಬೇರೆ ಇದೆ, ಇಮ್ಯುನೋಜೆನ್ ಅಂತ ಬರೆದಿರತ್ತಲ್ಲ ಅದು. ಮೊಲಕ್ಕೆ ಪ್ರೋಟೀನಿನ ಯಾವ ತುಂಡು ಚುಚ್ಚಿದ್ರು ಅನ್ನೋದು. ಅದೊಂದು ಗೊತ್ತಿದ್ರೆ ಮುಂದೆ ಬರೋ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗತ್ತೆ.

ಯಾಕೆ ಅಂತ ಹೇಳ್ತೀನಿ. ಇಂಟೆಗ್ರಿನ್ ಅಂದ್ರೆ ಸೆಲ್ಲಿನ ಪೊರೆಯಲ್ಲಿ ಕೂತಿರೋ ಪ್ರೋಟೀನು, ಒಂದು ಆಲ್ಫಾ ಒಂದು ಬೀಟಾ ಜೋಡಿಯಾಗಿ ಇರತ್ತೆ, ಹೊರಗಡೆ ಫೈಬ್ರೊನೆಕ್ಟಿನ್, ಕೊಲಾಜೆನ್, ಲ್ಯಾಮಿನಿನ್ ಇಂಥದ್ದನ್ನ ಹಿಡ್ಕೊಂಡಿರತ್ತೆ, ಒಳಗಡೆ ಟ್ಯಾಲಿನ್ ಮೂಲಕ ಸೆಲ್ಲಿನ ಹಂದರವಾದ ಆಕ್ಟಿನ್‌ಗೆ ಗಂಟು ಹಾಕ್ಕೊಂಡಿರತ್ತೆ. ಮನುಷ್ಯರಲ್ಲಿ 18 ಆಲ್ಫಾ, 8 ಬೀಟಾ, ಅವು ಸೇರಿ 24 ಜೋಡಿ. ಅದ್ರಲ್ಲಿ ಅರ್ಧದಷ್ಟು ಜೋಡಿಗಳಲ್ಲಿ ಇರೋದು ಬೀಟಾ1, ಅದಕ್ಕೇ ಎಲ್ರೂ ಮೊದ್ಲು ಇದನ್ನೇ ನೋಡೋದು. ಈ ಬೀಟಾ1 ಪ್ರೋಟೀನಲ್ಲಿ ಸಿಗ್ನಲ್ ಪೆಪ್ಟೈಡ್ ಸೇರಿ 798 ಅಮೈನೋ ಆಸಿಡ್, ಅದ್ರಲ್ಲಿ 700ಕ್ಕೂ ಹೆಚ್ಚು ಸೆಲ್ಲಿನ ಹೊರಗಡೆ, ಒಳಗಡೆ ಇರೋ ಬಾಲ ಬರೀ 47. ಮಾರ್ಕೆಟ್ಟಲ್ಲಿ ಸಿಗೋ ಎಷ್ಟೋ ರ್ಯಾಬಿಟ್ ಪಾಲಿಕ್ಲೋನಲ್‌ಗಳು ಈ 47ರ ಬಾಲಕ್ಕೇ ಮಾಡಿರೋವು, ಅಂದ್ರೆ ಸಿ-ಟರ್ಮಿನಲ್ ಪೆಪ್ಟೈಡ್. ಕಾರಣ ಸುಲಭ, ಪೆಪ್ಟೈಡ್ ಮಾಡೋಕೆ ಅಗ್ಗ, ಅಲ್ಲಿ ಸಕ್ಕರೆ ಸರಪಳಿ ಇಲ್ಲ, ಮನುಷ್ಯ, ಇಲಿ, ಕೋಳಿ ತನಕ ಆ ಬಾಲ ಹೆಚ್ಚುಕಮ್ಮಿ ಹಾಗೇ ಇರತ್ತೆ.

ಈಗ ಯೋಚ್ನೆ ಮಾಡಿ, ಬಾಲಕ್ಕೆ ಅಂಟೋ ಆಂಟಿಬಾಡಿ ತಗೊಂಡು ಜೀವಂತ ಸೆಲ್‌ಗಳ ಮೇಲೆ ಫ್ಲೋ ಸೈಟೋಮೆಟ್ರಿ (ಸೆಲ್‌ಗಳನ್ನ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಬೆಳಕು ಅಳೆಯೋದು) ಮಾಡಿದ್ರೆ ಏನಾಗತ್ತೆ? ಏನೂ ಆಗಲ್ಲ, ಆಂಟಿಬಾಡಿ ಪೊರೆ ದಾಟಲ್ಲ. ನಾನು ಇದರಲ್ಲಿ ಹತ್ತಿರ ಹತ್ತಿರ ಎರಡು ವಾರ ಕಳೆದಿದ್ದೀನಿ, ಸೆಲ್ ಬದಲಾಯಿಸಿ, ಸೆಕೆಂಡರಿ (ಮೊದಲ ಆಂಟಿಬಾಡಿಗೆ, ಅಂದ್ರೆ ಪ್ರೈಮರಿಗೆ, ಅಂಟಿ ಸಿಗ್ನಲ್ ಕೊಡೋ ಎರಡನೇ ಆಂಟಿಬಾಡಿ) ಬದಲಾಯಿಸಿ, ಕೊನೆಗೆ ಆಂಟಿಬಾಡಿನೇ ಕೆಟ್ಟದ್ದು ಅಂತ ಬೈದು. ಅದೇ ವಯಲ್ ವೆಸ್ಟರ್ನ್ ಬ್ಲಾಟಲ್ಲಿ (ಪ್ರೋಟೀನುಗಳನ್ನ ಜೆಲ್ಲಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್‌ಗೆ ಇಳಿಸಿ, ಆಂಟಿಬಾಡಿಯಿಂದ ಹುಡುಕೋದು) ಹಾಕಿದಾಗ ಅಷ್ಟು ಚಂದದ ಬ್ಯಾಂಡ್ ಕೊಡ್ತು, ನನಗೇ ನಾಚಿಕೆ ಆಯ್ತು.

ಹಾಗಾಗಿ ಮೊದಲನೇ ಹೆಜ್ಜೆ, ಪೆನ್ನು ತಗೊಂಡು ವಯಲ್ ಡಬ್ಬಿ ಮೇಲೇ ಬರೀರಿ: ಹೊರಗಿನದ್ದಾ, ಒಳಗಿನದ್ದಾ. ಒಳಗಿನ ಬಾಲಕ್ಕೆ ಅಂತಾದ್ರೆ ವೆಸ್ಟರ್ನ್ ಬ್ಲಾಟ್‌ಗೆ ಸೈ, ಟ್ರೈಟಾನ್ ಡಿಟರ್ಜೆಂಟ್ ಹಾಕಿ ತೂತು ಮಾಡಿದ ಸೆಲ್‌ಗಳ ಇಮ್ಯುನೋಫ್ಲೋರಸೆನ್ಸ್‌ಗೆ (ಹೊಳೆಯೋ ಬಣ್ಣದ ಆಂಟಿಬಾಡಿ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದು) ಸೈ, ಲೈವ್ ಸೆಲ್ ಕೆಲಸಕ್ಕೆ ಬೇಡ. ಹೊರಗಿನ ಭಾಗಕ್ಕೆ ಅಂತಾದ್ರೆ ಲೈವ್ ಸೆಲ್‌ಗೂ ಪ್ರಯತ್ನ ಮಾಡಬಹುದು, ಆದ್ರೆ ಬ್ಲಾಟಲ್ಲಿ ರೆಡ್ಯೂಸಿಂಗ್ ಏಜೆಂಟ್ ಹಾಕಿದಾಗ ಕೈಕೊಡೋ ಸಾಧ್ಯತೆ ಇದೆ, ಯಾಕಂದ್ರೆ ಹೊರಗಿನ ಭಾಗದ ತುಂಬಾ ಡೈಸಲ್ಫೈಡ್ ಕೊಂಡಿಗಳು, ಅವು ಬಿಚ್ಚಿದ್ರೆ ಆಕಾರವೇ ಹೋಗತ್ತೆ. ಇನ್ನೊಂದು ಬಲೆ ಇದೆ: ಹೃದಯ ಮತ್ತೆ ಅಸ್ಥಿಸ್ನಾಯುಗಳಲ್ಲಿ ಮುಖ್ಯವಾಗಿ ಇರೋದು ಬೀಟಾ1ಡಿ ಅನ್ನೋ ಸ್ಪ್ಲೈಸ್ ರೂಪ, ಅದರ ಬಾಲ ಬೇರೆ. ಸಾಮಾನ್ಯ ಬೀಟಾ1ಎ ಬಾಲಕ್ಕೆ ಮಾಡಿದ ಆಂಟಿಬಾಡಿ ಮಸಲ್ ಸ್ಯಾಂಪಲ್ಲಲ್ಲಿ ಮಂಕಾಗಿ ಕಂಡ್ರೆ ಪ್ರೋಟೀನ್ ಕಮ್ಮಿ ಇದೆ ಅಂತ ಬರ್ದುಬಿಡಬೇಡಿ.

ವಯಲ್ ಬಂದ ದಿನ

ಪಾಲಿಕ್ಲೋನಲ್ ಅಂದ್ರೆ ಒಂದೇ ಆಂಟಿಬಾಡಿ ಅಲ್ಲ, ಒಂದು ಪಡೆ. ಒಂದೇ ಪ್ರೋಟೀನಿನ ಬೇರೆ ಬೇರೆ ಜಾಗಕ್ಕೆ ಅಂಟೋ ಹಲವು ಐಜಿಜಿಗಳ (ರಕ್ತದ ಮುಖ್ಯ ಥರದ ಆಂಟಿಬಾಡಿಗಳ) ಮಿಶ್ರಣ. ಲಾಭ ಏನಂದ್ರೆ ಒಂದು ಜಾಗ ಫಿಕ್ಸ್ ಮಾಡೋವಾಗ ಹಾಳಾದ್ರೂ ಇನ್ನೊಂದು ಉಳಿದಿರತ್ತೆ, ಸಿಗ್ನಲ್ ಬರತ್ತೆ. ನಷ್ಟ ಏನಂದ್ರೆ ಆ ಮೊಲದ ರಕ್ತದಲ್ಲಿ ಬೇರೆ ಯಾವ್ಯಾವುದಕ್ಕೋ ಇದ್ದ ಆಂಟಿಬಾಡಿಗಳೂ ಜೊತೇಲಿ ಬಂದಿರಬಹುದು, ಹಾಗಾಗಿ ಡೇಟಾಶೀಟಲ್ಲಿ ಅಫಿನಿಟಿ ಪ್ಯೂರಿಫೈಡ್ (ಇಮ್ಯುನೋಜೆನ್‌ಗೆ ಅಂಟೋದನ್ನ ಮಾತ್ರ ಆರಿಸಿ ತೆಗೆದದ್ದು) ಅಂತ ಇದೆಯಾ ನೋಡಿ, ಬರೀ ಸೀರಮ್ ಅಥವಾ ಪ್ರೋಟೀನ್ ಎ ಪ್ಯೂರಿಫೈಡ್ ಅಂತಿದ್ರೆ ಬ್ಯಾಕ್‌ಗ್ರೌಂಡ್ ಜಾಸ್ತಿ ಬರೋಕೆ ಮನಸ್ಸು ಗಟ್ಟಿ ಮಾಡ್ಕೊಳಿ. ಪ್ರೋಟೀನ್ ಎ ಮೊಲದ ಐಜಿಜಿ ಎಲ್ಲವನ್ನೂ ಹಿಡಿಯತ್ತೆ, ನಮಗೆ ಬೇಕಾದ್ದನ್ನ ಮಾತ್ರ ಅಲ್ಲ.

ಲಾಟ್ ನಂಬರ್ ನೋಟ್‌ಬುಕ್ಕಲ್ಲಿ ಬರ್ಕೊಳಿ. ವಯಲ್‌ನ ಮೈಕ್ರೋಫ್ಯೂಜಲ್ಲಿ ಒಂದು ಸೆಕೆಂಡ್ ತಿರುಗಿಸಿ, ಮುಚ್ಚಳದಲ್ಲಿ ಅಂಟ್ಕೊಂಡಿರೋದು ಕೆಳಗೆ ಬರಲಿ. ವೋರ್ಟೆಕ್ಸ್ ಮಾಡಬೇಡಿ. 50% ಗ್ಲಿಸರಾಲ್ ಇದ್ರೆ ಮೈನಸ್ 20ರಲ್ಲಿ ಗಟ್ಟಿ ಆಗಲ್ಲ, ಹಾಗೇ ಇಟ್ಟು ಬಳಸಬಹುದು. ಗ್ಲಿಸರಾಲ್ ಇಲ್ಲ ಅಂದ್ರೆ ಹತ್ತತ್ತು ಮೈಕ್ರೋಲೀಟರ್ ಆಲಿಕ್ವಾಟ್ ಮಾಡಿಡಿ, ಪದೇ ಪದೇ ಫ್ರೀಜ್ ಮಾಡಿ ಕರಗಿಸಿದ್ರೆ ಆಂಟಿಬಾಡಿ ಗಂಟುಕಟ್ಟತ್ತೆ. ಕೆಡದಂತೆ ಹಾಕೋ ಸೋಡಿಯಂ ಅಜೈಡ್ 0.02% ಇದ್ರೆ ಸ್ಟೈನಿಂಗ್‌ಗೆ ತೊಂದ್ರೆ ಇಲ್ಲ, ಆದ್ರೆ ಎಚ್‌ಆರ್‌ಪಿ (ಸಿಗ್ನಲ್ ಕೊಡೋ ಎಂಜೈಮ್) ಅಂಟಿಸಿದ ಸೆಕೆಂಡರಿ ಇರೋ ಬಫರ್‌ಗೆ ಅಜೈಡ್ ಸೇರಿಸಬೇಡಿ, ಎಂಜೈಮ್ ಕೆಲಸ ನಿಲ್ಲಿಸತ್ತೆ. ಬದುಕಿರೋ ಸೆಲ್‌ಗಳ ಕಲ್ಚರ್‌ಗೂ ಅಜೈಡ್ ವಿಷ.

ಲೈಸೇಟ್

ಲೈಸೇಟ್ ಅಂದ್ರೆ ಸೆಲ್ ಒಡೆದು ತೆಗೆದ ಪ್ರೋಟೀನ್ ದ್ರಾವಣ. ಮೊದಲ ಸಲಕ್ಕೆ ಹೀಲಾ, ಎ431 (ಎರಡೂ ಮನುಷ್ಯರ ಕ್ಯಾನ್ಸರ್ ಸೆಲ್ ಲೈನ್) ಅಥವಾ ಯಾವ್ದಾದ್ರೂ ಫೈಬ್ರೋಬ್ಲಾಸ್ಟ್ ತಗೊಳಿ, ಬೀಟಾ1 ಧಾರಾಳವಾಗಿರತ್ತೆ. ಟ್ರಿಪ್ಸಿನ್ ಹಾಕಿ ಎಬ್ಬಿಸಬೇಡಿ, ಹೊರಗಿನ ಭಾಗ ಕತ್ತರಿಸಿ ಹೋಗೋ ಅಪಾಯ ಯಾಕೆ ತಗೋಬೇಕು. ಪ್ಲೇಟ್‌ನ ಐಸ್ ಮೇಲಿಟ್ಟು ತಣ್ಣಗಿನ ಪಿಬಿಎಸ್‌ನಲ್ಲಿ ಎರಡು ಸಲ ಚೆನ್ನಾಗಿ ತೊಳೀರಿ, ಇದನ್ನ ಅವಸರದಲ್ಲಿ ಮಾಡಿದ್ರೆ ಮೀಡಿಯಾದ ಸೀರಮ್ಮಲ್ಲಿರೋ ಆಲ್ಬುಮಿನ್ ಬಂದು 66 ಕಿಲೋಡಾಲ್ಟನ್ ಹತ್ರ ದಪ್ಪಗೆ ಕೂತ್ಕೊಂಡು ಪ್ರೋಟೀನ್ ಎಸ್ಟಿಮೇಷನ್ನೂ ಸುಳ್ಳು ಮಾಡತ್ತೆ. ಆಮೇಲೆ ರಿಪಾ ಬಫರ್: 50 ಮಿಲಿಮೋಲಾರ್ ಟ್ರಿಸ್, 150 ಮಿಲಿಮೋಲಾರ್ ಉಪ್ಪು, 1% ಎನ್‌ಪಿ-40, 0.5% ಡಿಆಕ್ಸಿಕೋಲೇಟ್, 0.1% ಎಸ್‌ಡಿಎಸ್. ಪ್ರೋಟಿಯೇಸ್ ಇನ್‌ಹಿಬಿಟರ್ ಕೊನೇ ಕ್ಷಣದಲ್ಲಿ ಸೇರಿಸಿ, ಪಿಎಂಎಸ್‌ಎಫ್ ಅನ್ನೋ ಇನ್‌ಹಿಬಿಟರ್ ನೀರಲ್ಲಿ ಬೇಗ ಒಡೆದುಹೋಗತ್ತೆ. ಸ್ಕ್ರೇಪರ್‌ನಿಂದ ಕೆರೆದು ಟ್ಯೂಬಿಗೆ ಹಾಕಿ, ಐಸ್ ಮೇಲೆ 20 ರಿಂದ 30 ನಿಮಿಷ, ನಡುವೆ ಎರಡ್ಮೂರು ಸಲ ಅಲ್ಲಾಡಿಸಿ, 4 ಡಿಗ್ರಿಯಲ್ಲಿ 14,000 ಜಿ 15 ನಿಮಿಷ ತಿರುಗಿಸಿ, ಮೇಲಿನ ತಿಳಿ ತಗೊಳಿ. ಪ್ರೋಟೀನ್ ಎಷ್ಟಿದೆ ಅಂತ ಬಿಸಿಎ ವಿಧಾನದಲ್ಲಿ ಅಳೀರಿ. ಅದೇ ಕೆಲಸದ ಬ್ರಾಡ್‌ಫೋರ್ಡ್ ವಿಧಾನ ಈ ಡಿಟರ್ಜೆಂಟ್ ಜೊತೆ ಸರಿಹೋಗಲ್ಲ.

ಇಮ್ಯುನೋಪ್ರೆಸಿಪಿಟೇಷನ್ (ಆಂಟಿಬಾಡಿಯಿಂದ ಪ್ರೋಟೀನನ್ನ ಲೈಸೇಟ್‌ನಿಂದ ಎಳೆದು ತೆಗೆಯೋದು) ಮಾಡಿ ಜೊತೆಗಾರ ಆಲ್ಫಾ ಕೂಡ ಬರಬೇಕು ಅಂತಿದ್ರೆ ಮಾತ್ರ ರಿಪಾ ಬೇಡ. ಆ ಜೋಡಿ ನಿಂತಿರೋದು ಕ್ಯಾಲ್ಶಿಯಂ ಮೆಗ್ನೀಶಿಯಂ ಮೇಲೆ, ಹಾಗಾಗಿ ಈ ಅಯಾನುಗಳನ್ನ ಹಿಡಿದುಬಿಡೋ ಇಡಿಟಿಎ ಇಲ್ಲದ, 1% ಎನ್‌ಪಿ-40 ಅಷ್ಟೇ ಇರೋ ಮೆದು ಬಫರ್‌ಗೆ ಎರಡೂ ಅಯಾನು 1 ಮಿಲಿಮೋಲಾರ್ ಸೇರಿಸಿ ಮಾಡಿ. ಇನ್‌ಹಿಬಿಟರ್ ಮಾತ್ರೆಯಲ್ಲೂ ಇಡಿಟಿಎ ಇರತ್ತೆ, ಇಲ್ಲದೇ ಇರೋದು ಬೇರೆ ಸಿಗತ್ತೆ, ಡಬ್ಬಿ ನೋಡಿ ತಗೊಳಿ.

ಬ್ಲಾಟ್, ನಿಧಾನವಾಗಿ

ಜೆಲ್ 8%, ಅಥವಾ 7.5%. 12% ಹಾಕಿದ್ರೆ ನಮ್ಮ ಪ್ರೋಟೀನ್ ಮೇಲ್ಗಡೆ ಮುದುಡಿಕೊಂಡಿರತ್ತೆ, ಮುಂದೆ ಹೇಳೋ ಎರಡು ಬ್ಯಾಂಡಿನ ಕಥೆ ಕಾಣೋದೇ ಇಲ್ಲ. ಲೇನಿಗೆ 20 ರಿಂದ 30 ಮೈಕ್ರೋಗ್ರಾಂ. ಡಿಟಿಟಿ (ಡೈಸಲ್ಫೈಡ್ ಬಿಚ್ಚೋ ರೆಡ್ಯೂಸಿಂಗ್ ಏಜೆಂಟ್) ಇರೋ ಸ್ಯಾಂಪಲ್ ಬಫರ್ ಹಾಕಿ 95 ಡಿಗ್ರಿ 5 ನಿಮಿಷ, ಬಾವಿ ಹತ್ರ ಸ್ಮಿಯರ್ ಕಂಡ್ರೆ ಮುಂದಿನ ಸಲ 70 ಡಿಗ್ರಿ 10 ನಿಮಿಷ ಮಾಡಿ. ಅದೇ ಸ್ಯಾಂಪಲ್‌ನ ಇನ್ನೊಂದು ಪಾಲನ್ನ ಡಿಟಿಟಿ ಇಲ್ಲದೆ ಕೂಡ ಓಡಿಸಿ, ಇದು ಮೊದಲ ಸಲ ಒಂದು ಸಾರಿ ಮಾಡಿದ್ರೆ ಸಾಕು, ಆದ್ರೆ ಮಾಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಎರಡೂ ಪಕ್ಕಪಕ್ಕ ಹಾಕಬೇಡಿ, ಡಿಟಿಟಿ ಪಕ್ಕದ ಲೇನಿಗೆ ಹರಿಯತ್ತೆ, ನಡುವೆ ಒಂದೆರಡು ಲೇನ್ ಖಾಲಿ ಬಿಡಿ.

ನೀಲಿ ಡೈ ಹೊರಗೆ ಹೋದ್ರೂ ಚಿಂತೆ ಇಲ್ಲ, 50ರ ಮಾರ್ಕರ್ ತಳಕ್ಕೆ ಹತ್ರ ಬರೋವರೆಗೂ ಓಡಿಸಿ. ಲೋಡಿಂಗ್ ಕಂಟ್ರೋಲ್‌ಗೆ (ಎಲ್ಲ ಲೇನಲ್ಲೂ ಪ್ರೋಟೀನ್ ಸಮ ಇದೆಯಾ ಅಂತ ತೋರಿಸೋ ಇನ್ನೊಂದು ಪ್ರೋಟೀನ್) ಜಿಎಪಿಡಿಎಚ್ ಅಂದ್ಕೊಂಡಿದ್ರೆ ಅದು 37, ಅಷ್ಟೊತ್ತಿಗೆ ಟ್ಯಾಂಕಲ್ಲಿ ತೇಲ್ತಿರತ್ತೆ. ಮೆಂಬ್ರೇನ್ ಪ್ರೋಟೀನ್‌ಗೆ ಮೆಂಬ್ರೇನ್ ಕಂಟ್ರೋಲ್ ಇರಲಿ ಅಂತ ಸೋಡಿಯಂ ಪೊಟ್ಯಾಶಿಯಂ ಎಟಿಪಿಯೇಸ್ ಆರಿಸಿಕೊಳ್ಳೋರು ಇದ್ದಾರೆ, ಯೋಚನೆ ಒಳ್ಳೇದೇ, ಆದ್ರೆ ಅದು 100ರ ಆಸುಪಾಸು, ಬೀಟಾ1ನ ಮಗ್ಗುಲಲ್ಲೇ ಬಂದು ಕೂರತ್ತೆ. ನಾನು ಟ್ಯೂಬುಲಿನ್ ಹಾಕ್ತೀನಿ, 50 ರಿಂದ 55, ಅದೂ ಮೌಸ್ ಆಂಟಿಬಾಡಿ, ಯಾಕಂದ್ರೆ ಎರಡೂ ರ್ಯಾಬಿಟ್ ಆದ್ರೆ ಒಂದೇ ಸೆಕೆಂಡರಿ ಎರಡನ್ನೂ ಹಿಡಿಯತ್ತೆ.

ಟ್ರಾನ್ಸ್‌ಫರ್ ವೆಟ್ ಟ್ಯಾಂಕಲ್ಲೇ ಮಾಡಿ. ದೊಡ್ಡ ಪ್ರೋಟೀನು, ಸಕ್ಕರೆ ಬೇರೆ ಮೆತ್ಕೊಂಡಿದೆ, ನಿಧಾನಕ್ಕೆ ಹೊರಬರತ್ತೆ. ಪಿವಿಡಿಎಫ್ ಮೆಂಬ್ರೇನ್‌ನ ಮೆಥನಾಲಲ್ಲಿ ಅರ್ಧ ನಿಮಿಷ ಅದ್ದಿ, ಬಫರಲ್ಲಿ ಮೆಥನಾಲ್ 10% ಇದ್ರೆ ಸಾಕು, 100 ವೋಲ್ಟ್ 90 ನಿಮಿಷ ಐಸ್ ಇಟ್ಟು, ಇಲ್ಲಾಂದ್ರೆ 30 ವೋಲ್ಟ್ ರಾತ್ರಿಯಿಡೀ ಕೋಲ್ಡ್ ರೂಮಲ್ಲಿ. ಪಾನ್ಸೋ (ಮೆಂಬ್ರೇನ್ ಮೇಲಿನ ಎಲ್ಲ ಪ್ರೋಟೀನನ್ನೂ ಕೆಂಪಾಗಿ ತೋರಿಸೋ ಬಣ್ಣ) ಹಾಕಿ ನೋಡಿ, 100ರ ಮೇಲಿನ ಭಾಗದಲ್ಲೂ ಗೆರೆಗಳು ಕಾಣ್ತಿದ್ಯಾ ಅಂತ. ಫೋಟೋ ತೆಗೆದಿಡಿ.

ಬ್ಲಾಕಿಂಗ್ 5% ಸ್ಕಿಮ್ ಮಿಲ್ಕ್, 0.1% ಟ್ವೀನ್ ಇರೋ ಟಿಬಿಎಸ್‌ನಲ್ಲಿ, ಒಂದು ಗಂಟೆ. ಪ್ರೈಮರಿಗೆ ಶೀಟಲ್ಲಿರೋ ಒಂದೇ ನಂಬರ್‌ಗೆ ಜೋತು ಬೀಳಬೇಡಿ, ಮೆಂಬ್ರೇನ್‌ನ ಪಟ್ಟಿಗಳಾಗಿ ಕತ್ತರಿಸಿ 1:500, 1:1000, 1:2000, 1:5000 ನಾಲ್ಕೂ ಹಾಕಿ. ಆಂಟಿಬಾಡಿ 1 ಮಿಲಿಗ್ರಾಂ ಪ್ರತಿ ಎಂಎಲ್ ಇದ್ರೆ 1:1000 ಅಂದ್ರೆ 1 ಮೈಕ್ರೋಗ್ರಾಂ ಪ್ರತಿ ಎಂಎಲ್, 5 ಎಂಎಲ್‌ಗೆ 5 ಮೈಕ್ರೋಲೀಟರ್. ಆದ್ರೆ ವಯಲ್ಲಲ್ಲಿ 0.2 ಮಿಲಿಗ್ರಾಂ ಇದ್ರೆ ಅದೇ 1:1000 ಐದು ಪಟ್ಟು ತೆಳು ಅಂತಾಯ್ತು, ಎರಡು ಆಂಟಿಬಾಡಿ ಹೋಲಿಸೋವಾಗ ಜನ ಇದನ್ನ ಮರೀತಾರೆ. ರಾತ್ರಿ 4 ಡಿಗ್ರಿಯಲ್ಲಿ ರಾಕರ್ ಮೇಲೆ ಬಿಡಿ. ಬೆಳಗ್ಗೆ ಟಿಬಿಎಸ್‌ಟಿಯಲ್ಲಿ ಹತ್ತತ್ತು ನಿಮಿಷ ಮೂರು ಸಲ, ಗೋಟ್ ಆಂಟಿ-ರ್ಯಾಬಿಟ್ ಎಚ್‌ಆರ್‌ಪಿ 1:5000 ರಿಂದ 1:10,000 ಒಂದು ಗಂಟೆ, ಮತ್ತೆ ಮೂರು ಸಲ ತೊಳೆದು ಇಸಿಎಲ್ (ಎಚ್‌ಆರ್‌ಪಿ ಇರೋ ಕಡೆ ಬೆಳಕು ಕೊಡೋ ದ್ರಾವಣ). 10 ಸೆಕೆಂಡ್, 1 ನಿಮಿಷ, 5 ನಿಮಿಷ ಮೂರೂ ಎಕ್ಸ್‌ಪೋಷರ್ ತಗೊಳಿ.

ಎರಡು ಬ್ಯಾಂಡ್ ಬಂದಾಗ

ಈಗ ನೋಡಿ, ಲೆಕ್ಕದ ಪ್ರಕಾರ ಬೀಟಾ1ನ ತೂಕ 88 ಕಿಲೋಡಾಲ್ಟನ್. ಬ್ಲಾಟಲ್ಲಿ 88ರ ಹತ್ರ ಏನೂ ಇರಲ್ಲ. ಮೇಲೆ 130ರ ಹತ್ರ ಒಂದು ಅಗಲವಾದ, ಅಂಚು ಸ್ವಲ್ಪ ಮಸುಕಾದ ಬ್ಯಾಂಡು, ಅದರ ಕೆಳಗೆ 105ರ ಹತ್ರ ಇನ್ನೊಂದು, ಅದು ತೆಳ್ಳಗೆ ಚೂಪಾಗಿರತ್ತೆ. ಮೊದಲ ಸಲ ನೋಡಿದೋರು ಆಂಟಿಬಾಡಿ ಬೇರೆ ಏನನ್ನೋ ಹಿಡೀತಿದೆ ಅಂತ ಗಾಬರಿಯಾಗ್ತಾರೆ. ಹಾಗಲ್ಲ. ಮೇಲಿನದು ಗಾಲ್ಗಿ (ಸೆಲ್ಲೊಳಗೆ ಸಕ್ಕರೆ ತಿದ್ದಿ ಮುಗಿಸೋ ಜಾಗ) ದಾಟಿ ಸಕ್ಕರೆಯೆಲ್ಲ ಪೂರ್ತಿ ಹತ್ತಿಸ್ಕೊಂಡು ಪೊರೆಗೆ ಬಂದಿರೋ ಬೀಟಾ1, ಕೆಳಗಿನದು ಇನ್ನೂ ಇಆರ್‌ನಲ್ಲಿ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಹೊಸ ಪ್ರೋಟೀನ್ ತಯಾರಾಗೋ ಜಾಗ) ಆಲ್ಫಾ ಜೊತೆಗಾರನಿಗೆ ಕಾಯ್ತಾ ಕೂತಿರೋ ಅರೆಬೆಂದ ಬೀಟಾ1. ಸೆಲ್ ಬೀಟಾನ ಆಲ್ಫಾಗಿಂತ ಜಾಸ್ತಿನೇ ಮಾಡಿಟ್ಟಿರತ್ತೆ, ಹಾಗಾಗಿ ಕೆಳಗಿನ ಬ್ಯಾಂಡ್ ಇರೋದೇ ಸರಿ. ಮೇಲಿನದು ಮಸುಕಾಗಿರೋದು ಯಾಕಂದ್ರೆ ಒಂದೊಂದು ಅಣುವಿಗೂ ಸಕ್ಕರೆ ಒಂದೊಂದು ಥರ ಹತ್ತಿರತ್ತೆ.

ನಂಬಿಕೆ ಬರಲ್ವಾ? ಲೈಸೇಟ್‌ನ ಮೂರು ಪಾಲು ಮಾಡಿ. ಮೂರನ್ನೂ ಎಸ್‌ಡಿಎಸ್, ಡಿಟಿಟಿ ಹಾಕಿ ಕುದಿಸಿ. ಒಂದಕ್ಕೆ ಬರೀ ಬಫರ್, ಒಂದಕ್ಕೆ ಎಂಡೋ ಎಚ್ (ಇಆರ್‌ನ ಅರೆಬೆಂದ ಸಕ್ಕರೆ ಮಾತ್ರ ಕತ್ತರಿಸೋ ಎಂಜೈಮ್), ಇನ್ನೊಂದಕ್ಕೆ 1% ಎನ್‌ಪಿ-40 ಜೊತೆ ಪಿಎನ್‌ಗೇಸ್ ಎಫ್ (ಎರಡೂ ಥರದ ಸಕ್ಕರೆ ಕತ್ತರಿಸೋದು), ಈ ಎನ್‌ಪಿ-40 ಮರೆತ್ರೆ ಎಸ್‌ಡಿಎಸ್ ಆ ಎಂಜೈಮನ್ನೇ ಕೊಲ್ಲತ್ತೆ. 37 ಡಿಗ್ರಿ ಒಂದು ಗಂಟೆ. ಎಂಡೋ ಎಚ್ ಹಾಕಿದ ಲೇನಲ್ಲಿ 105ರದ್ದು ಮಾತ್ರ ಜಾರಿ ಕೆಳಗೆ ಬರತ್ತೆ, 130ರದ್ದು ಹೆಚ್ಚುಕಮ್ಮಿ ಅಲ್ಲೇ ಕೂತಿರತ್ತೆ. ಪಿಎನ್‌ಗೇಸ್ ಲೇನಲ್ಲಿ ಎರಡೂ ಸೇರಿ 90ರ ಸುತ್ತ ಒಂದೇ ಬ್ಯಾಂಡ್. ಈ ಒಂದು ಜೆಲ್ ಫೋಟೋ ಕೈಲಿದ್ರೆ ಯಾವ ರಿವ್ಯೂವರ್ ಬಂದ್ರೂ ಉತ್ತರ ಇದೆ.

ಡಿಟಿಟಿ ಇಲ್ಲದ ಲೇನಲ್ಲಿ ಬೀಟಾ1 ಇನ್ನೂ ಕೆಳಗೆ, ಅಂದ್ರೆ ಚಿಕ್ಕದಾಗಿ ಕಾಣತ್ತೆ, ಯಾಕಂದ್ರೆ ಡೈಸಲ್ಫೈಡ್ ಕೊಂಡಿಗಳು ಅದನ್ನ ಉಂಡೆ ಥರ ಬಿಗಿಯಾಗಿ ಹಿಡಿದಿರತ್ತೆ, ಜೆಲ್ಲಲ್ಲಿ ಬೇಗ ಓಡತ್ತೆ. ಆಲ್ಫಾ5 ಆದ್ರೆ ಉಲ್ಟಾ, ಅದು ಎರಡು ತುಂಡಾಗಿ ಒಂದು ಡೈಸಲ್ಫೈಡ್‌ನಿಂದ ಕೂಡಿರೋದು, ಡಿಟಿಟಿ ಹಾಕಿದ್ರೆ ಚಿಕ್ಕ ತುಂಡು ಕಳಚಿ ದೊಡ್ಡದು ಸ್ವಲ್ಪ ಕೆಳಗೆ ಬರತ್ತೆ. ಹಾಗಾಗಿ ಬೇರೆಯವರ ಪೇಪರಲ್ಲಿ ಬರೆದಿರೋ ತೂಕ ನಿಮ್ಮದಕ್ಕೆ ಹೊಂದಿಲ್ಲ ಅಂದ್ರೆ ಮೊದ್ಲು ಅವರು ರೆಡ್ಯೂಸ್ ಮಾಡಿದ್ರಾ ಇಲ್ವಾ ನೋಡಿ.

ಇದು ನಿಜವಾಗ್ಲೂ ಬೀಟಾ1 ತಾನೇ?

ಸೆಕೆಂಡರಿ ಒಂದೇ ಹಾಕಿದ ಪಟ್ಟಿ, ಸಾಮಾನ್ಯ ರ್ಯಾಬಿಟ್ ಐಜಿಜಿ ಹಾಕಿದ ಪಟ್ಟಿ, ಇವೆರಡು ಎಲ್ರಿಗೂ ಗೊತ್ತು. ಪೆಪ್ಟೈಡ್ ಬ್ಲಾಕಿಂಗ್ ಅಂತ ಮಾಡ್ತಾರೆ, ಆಂಟಿಬಾಡಿಗೆ ಅದೇ ಪೆಪ್ಟೈಡ್ ಹೆಚ್ಚಿಗೆ ಬೆರೆಸಿ ಇಟ್ಟು ಆಮೇಲೆ ಬ್ಲಾಟಿಗೆ ಹಾಕೋದು, ಬ್ಯಾಂಡ್ ಮಾಯ ಆದ್ರೆ ಸರಿ ಅಂತ. ನನಗೆ ಇದರ ಮೇಲೆ ಅಷ್ಟು ಭರವಸೆ ಇಲ್ಲ. ಅದೇ ಆಂಟಿಬಾಡಿ ಇನ್ಯಾವುದೋ ಪ್ರೋಟೀನಿಗೆ ಅಂಟ್ತಾ ಇದ್ರೂ ಪೆಪ್ಟೈಡ್ ಬೆರೆಸಿದ ಮೇಲೆ ಆ ಬ್ಯಾಂಡ್ ಕೂಡ ಹೋಗತ್ತೆ. ನಿಜವಾದ ಪರೀಕ್ಷೆ ಅಂದ್ರೆ ಪ್ರೋಟೀನೇ ಇಲ್ಲದ ಸೆಲ್. ಜಿಡಿ25 ಅಂತ ಬೀಟಾ1 ಇಲ್ಲದ ಇಲಿಯ ಸೆಲ್ ಲೈನ್ ಇದೆ, ಸಿಕ್ಕಿದ್ರೆ ಅದೃಷ್ಟ. ಇಲ್ಲಾಂದ್ರೆ ಎಸ್‌ಐಆರ್‌ಎನ್‌ಎ (ಆ ಪ್ರೋಟೀನ್ ಹೊಸದಾಗಿ ಆಗೋದನ್ನ ತಡೆಯೋ ಚಿಕ್ಕ ಆರ್‌ಎನ್‌ಎ), ಆದ್ರೆ 24 ಗಂಟೆಗೇ ನೋಡಿ ಕಮ್ಮಿ ಆಗಿಲ್ಲ ಅಂತ ಬಿಟ್ಬಿಡಬೇಡಿ, ಪೊರೆ ಮೇಲಿರೋ ಬೀಟಾ1 ನಿಧಾನಕ್ಕೆ ಕರಗೋ ಪ್ರೋಟೀನು, 72 ಗಂಟೆ ಕಾಯಿರಿ. ಮೊದ್ಲು 105ರದ್ದು ಹೋಗತ್ತೆ, ಹೊಸದಾಗಿ ಹುಟ್ಟೋದು ನಿಂತಿದೆ ಅಲ್ವಾ, 130ರದ್ದು ಆಮೇಲೆ.

ಸೆಲ್ ಒಳಗೆ ನೋಡೋದು

ಕವರ್‌ಸ್ಲಿಪ್‌ಗೆ ಫೈಬ್ರೊನೆಕ್ಟಿನ್ 10 ಮೈಕ್ರೋಗ್ರಾಂ ಪ್ರತಿ ಎಂಎಲ್ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ ಸೆಲ್ ಹಾಕಿ ಹರಡೋಕೆ ಬಿಡಿ. ತೊಳೆಯೋ ಪಿಬಿಎಸ್‌ನಲ್ಲಿ ಕ್ಯಾಲ್ಶಿಯಂ ಮೆಗ್ನೀಶಿಯಂ ಇರಲಿ, ಇಲ್ಲಾಂದ್ರೆ ಫಿಕ್ಸ್ ಆಗೋ ಮುಂಚೆನೇ ಸೆಲ್ ಅಂಚು ಮುದುರಿಕೊಳ್ಳತ್ತೆ, ನಾವು ನೋಡಬೇಕಾಗಿದ್ದೇ ಅಂಚನ್ನ. ಫಿಕ್ಸ್ ಮಾಡೋಕೆ 4% ಪಿಎಫ್‌ಎ (ಪ್ಯಾರಾಫಾರ್ಮಾಲ್ಡಿಹೈಡ್) 15 ನಿಮಿಷ, ತೊಳೆದು 0.1 ಮೋಲಾರ್ ಗ್ಲೈಸಿನ್ 5 ನಿಮಿಷ.

ಇಲ್ಲಿ ಎರಡು ಕವರ್‌ಸ್ಲಿಪ್ ಮಾಡಿ. ಒಂದಕ್ಕೆ 0.1% ಟ್ರೈಟಾನ್ 5 ನಿಮಿಷ, ಇನ್ನೊಂದಕ್ಕೆ ಇಲ್ಲ. ಉಳಿದದ್ದೆಲ್ಲ ಒಂದೇ: 5% ಗೋಟ್ ಸೀರಮ್ 30 ನಿಮಿಷ, ಪ್ರೈಮರಿ 1:100 ಅಥವಾ 1:200 ರಾತ್ರಿಯಿಡೀ 4 ಡಿಗ್ರಿ, ಐದೈದು ನಿಮಿಷ ಮೂರು ಸಲ ತೊಳೆತ, ಆಂಟಿ-ರ್ಯಾಬಿಟ್ ಅಲೆಕ್ಸಾ ಫ್ಲೋರ್ 488 1:500 ಕತ್ತಲಲ್ಲಿ ಒಂದು ಗಂಟೆ, ನ್ಯೂಕ್ಲಿಯಸ್ ಕಾಣೋಕೆ ಡಾಪಿ, ಮೌಂಟ್. ಮೈಕ್ರೋಸ್ಕೋಪಲ್ಲಿ ಎರಡನ್ನೂ ಒಂದೇ ಎಕ್ಸ್‌ಪೋಷರಲ್ಲಿ ನೋಡಿ. ಬಾಲದ ಆಂಟಿಬಾಡಿ ಆದ್ರೆ ಟ್ರೈಟಾನ್ ಹಾಕಿದ್ದು ಬೆಳಗತ್ತೆ, ಹಾಕದೇ ಇರೋದು ಹೆಚ್ಚುಕಮ್ಮಿ ಕತ್ತಲು. ಪೂರ್ತಿ ಕತ್ತಲು ಇರಲ್ಲ, ಪಿಎಫ್‌ಎ ಕೂಡ ಪೊರೆನ ಅಲ್ಲಲ್ಲಿ ಸಡಿಲ ಮಾಡಿರತ್ತೆ. ಎರಡೂ ಒಂದೇ ಥರ ಬೆಳಗಿದ್ರೆ, ಹೊರಗಿನ ಭಾಗದ ಆಂಟಿಬಾಡಿ. ಡಬ್ಬಿ ಮೇಲೆ ಬರೆದದ್ದು ಸರಿಯಾ ಅಂತ ಇಲ್ಲಿ ತಾಳೆ ಆಗತ್ತೆ.

ಟ್ರೈಟಾನ್ ಹಾಕಿದ್ದರಲ್ಲಿ ನ್ಯೂಕ್ಲಿಯಸ್ ಸುತ್ತ ಮಂಜಿನ ಥರ ಕಾಣೋದು ಬ್ಯಾಕ್‌ಗ್ರೌಂಡ್ ಅಂತ ತಳ್ಳಿಹಾಕಬೇಡಿ, ಅದು ಬ್ಲಾಟಲ್ಲಿ ನೋಡಿದ 105ರದ್ದೇ, ಇಆರ್‌ನಲ್ಲಿರೋದು. ಅಂಚಲ್ಲಿ ಸಣ್ಣ ಸಣ್ಣ ಗೀಟುಗಳು ಕಂಡ್ರೆ ಅವು ಅಡ್ಹಿಷನ್‌ಗಳು (ಸೆಲ್ ತಳಕ್ಕೆ ಅಂಟ್ಕೊಂಡಿರೋ ಜಾಗಗಳು), ಖಚಿತ ಮಾಡ್ಕೊಳ್ಳೋಕೆ ಅಲ್ಲೇ ಇರೋ ಪ್ರೋಟೀನಿಗೆ, ಮೌಸ್ ಆಂಟಿ-ಪ್ಯಾಕ್ಸಿಲಿನ್ ಅಥವಾ ವಿನ್‌ಕ್ಯುಲಿನ್ ಜೊತೆಗೆ ಕೆಂಪಲ್ಲಿ ಹಾಕಿ.

ಪ್ಯಾರಾಫಿನ್ ಟಿಶ್ಯೂ ಸೆಕ್ಷನ್ ಆದ್ರೆ ಮಾಮೂಲಿ ವಿಧಾನವೇ, ವ್ಯಾಕ್ಸ್ ತೆಗೆದು ನೀರಿಗೆ ತಂದು, ಆಂಟಿಜೆನ್ ರಿಟ್ರೀವಲ್‌ಗೆ ಸಿಟ್ರೇಟ್ ಪಿಎಚ್ 6 ಮತ್ತೆ ಟ್ರಿಸ್-ಇಡಿಟಿಎ ಪಿಎಚ್ 9 ಎರಡನ್ನೂ ಒಂದ್ಸಲ ಹೋಲಿಸಿ, 3% ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ಪ್ರೈಮರಿ 1:100 ರಿಂದ ಶುರು, ಕೊನೆಗೆ ಕಂದು ಬಣ್ಣ ಬರಿಸೋ ಡಿಎಬಿ. ಇಲಿ ಟಿಶ್ಯೂ ಮೇಲೆ ಮೌಸ್ ಆಂಟಿಬಾಡಿ ಹಾಕಿದ್ರೆ ಸೆಕೆಂಡರಿ ಇಲಿಯ ಸ್ವಂತ ಐಜಿಜಿಗೂ ಅಂಟಿ ಎಲ್ಲ ಕಂದು ಮಾಡತ್ತೆ, ಮೊಲದ್ದರಲ್ಲಿ ಆ ತಲೆನೋವಿಲ್ಲ, ರ್ಯಾಬಿಟ್ ಪಾಲಿಕ್ಲೋನಲ್ ಇಟ್ಕೊಳ್ಳೋಕೆ ನನಗೆ ಇದೊಂದೇ ಕಾರಣ ಸಾಕು.

ಕೆಡೋದು ಎಲ್ಲಿ

ಏನೂ ಬಂದಿಲ್ಲ ಅಂದ್ರೆ ಪಾನ್ಸೋ ಫೋಟೋ ತೆಗೆದು ನೋಡಿ, ಮೇಲ್ಭಾಗ ಖಾಲಿ ಇದ್ರೆ ತಪ್ಪು ಟ್ರಾನ್ಸ್‌ಫರ್‌ದು, ಆಂಟಿಬಾಡಿದಲ್ಲ. ಡಿಟಿಟಿ ಇಲ್ಲದ ಲೇನಲ್ಲಿ ಇದೆ, ಇರೋದ್ರಲ್ಲಿ ಇಲ್ಲ ಅಂದ್ರೆ ಅದು ಆಕಾರ ನೋಡಿ ಅಂಟೋ ಆಂಟಿಬಾಡಿ, ಇನ್ಮುಂದೆ ಡಿಟಿಟಿ ಇಲ್ಲದೇ ಓಡಿಸಿ. ಮೆಂಬ್ರೇನ್ ಪೂರ್ತಿ ಕಪ್ಪಾದ್ರೆ ಸೆಕೆಂಡರಿ ತೆಳು ಮಾಡಿ ಮೊದ್ಲು, ಪ್ರೈಮರಿ ಆಮೇಲೆ. ಬ್ಯಾಂಡಿನ ನಡುವೆ ಬಿಳಿ, ಸುತ್ತ ಕಪ್ಪು ಬಂದ್ರೆ ಎಚ್‌ಆರ್‌ಪಿ ಜಾಸ್ತಿಯಾಗಿ ಸಬ್‌ಸ್ಟ್ರೇಟ್ ಅಲ್ಲೇ ಮುಗಿದುಹೋಗಿದೆ ಅಂತ.

ವಯಲ್ ಖಾಲಿಯಾಗೋ ಮುಂಚೆ ಹೊಸ ಲಾಟ್ ತರಿಸಿ. ಬೇರೆ ಮೊಲ, ಬೇರೆ ಬ್ಲೀಡ್ (ರಕ್ತ ತೆಗೆದ ಸರದಿ), ಬೇರೆ ಪಡೆ. ಒಂದು ದೊಡ್ಡ ಪ್ಲೇಟಿನ ಹೀಲಾ ಲೈಸೇಟ್ ಮಾಡಿ ಸ್ಯಾಂಪಲ್ ಬಫರಲ್ಲೇ ಆಲಿಕ್ವಾಟ್ ಮಾಡಿ ಮೈನಸ್ 80ರಲ್ಲಿ ಇಟ್ಟಿರಿ, ಹೊಸ ಲಾಟ್ ಬಂದ ದಿನ ಅದೇ ಲೈಸೇಟ್, ಒಂದೇ ಜೆಲ್, ಮೆಂಬ್ರೇನ್ ನಡುವೆ ಕತ್ತರಿಸಿ ಅರ್ಧ ಹಳೇದು ಅರ್ಧ ಹೊಸದು. 130, 105 ಎರಡೂ ಮೊದಲಿನ ಅನುಪಾತದಲ್ಲೇ ಬರ್ತಿದ್ಯಾ ನೋಡ್ಕೊಂಡು ಆಮೇಲೆ ಸ್ಯಾಂಪಲ್‌ಗೆ ಕೈ ಹಾಕಿ.